ಗೇಟಿನ ಮೇಲಿನ ಹಳದಿ ಹೂವಿನ ಬಳ್ಳಿ ಕೀಳಬೇಕಾ?

ಪ್ರಶ್ನೆ: ಮೇಡಂ, ಗೇಟಿನ ಕಮಾನಿನ ಮೇಲೆ ಅಲಮಂಡ ಬಳ್ಳಿ ಹಬ್ಬಿಸಿ 4 ವರ್ಷ ಆಯಿತು, ತುಂಬಾ ಚೆನ್ನಾಗಿ ಹೂ ಬಿಡುತ್ತದೆ. ಈಗ ಮೊಮ್ಮಗನಿಗೆ ಒಂದೂವರೆ ವರ್ಷ, ಕೈಗೆ ಸಿಕ್ಕಿದ್ದೆಲ್ಲ ಬಾಯಿಗೆ. ನಾಯಿ ಬೇರೆ ಉದುರಿದ ಹೂ ಕಚ್ಚಿಕೊಂಡು ಆಡುತ್ತದೆ. ಅದು ವಿಷ, ಇವತ್ತೇ ಕೀಳಿಸಿ ಅಂತ ನಾದಿನಿ ಹಟ ಹಿಡಿದಿದ್ದಾಳೆ. ನಿಜವಾ?
— ಓದುಗರೊಬ್ಬರು, ರಾಜಾಜಿನಗರ

ಉತ್ತರ: ನಿಮ್ಮ ನಾದಿನಿ ಸುಮ್ನೆ ಹೆದರಿಸುತ್ತಿಲ್ಲ. ಅಲಮಂಡ ಕಣಗಿಲೆಯ ಕುಟುಂಬದ್ದು. ಎಲೆ, ಕಾಂಡ ಮುರಿದರೆ ಬಿಳಿ ಹಾಲು ಬರುತ್ತದೆ, ಅಲ್ವಾ? ಅದು ಮೈಗೆ ತಾಗಿದರೆ ಕೆಲವರಿಗೆ ಉರಿ, ತುರಿಕೆ. ಹೊಟ್ಟೆಗೆ ಹೋದರೆ ವಾಂತಿ, ಭೇದಿ. ಇದರ ಸಸ್ಯಶಾಸ್ತ್ರದ ಹೆಸರೇ ‘ಅಲಮಂಡ ಕಥಾರ್ಟಿಕಾ’, ಅಂದರೆ ಭೇದಿ ಮಾಡಿಸುವ ಅಲಮಂಡ. ಆದರೆ ಕಣಗಿಲೆಯಂತೆ ಎದೆಬಡಿತ ಕೆಡಿಸುವ ವಿಷ ಇದಲ್ಲ.

ನನಗೆ ಜಾಸ್ತಿ ಚಿಂತೆ ಬೇರೆಯದು. ನಿಮ್ಮಲ್ಲಿರುವುದು ಅಲಮಂಡ ಮಾತ್ರವೇ? ಬೆಂಗಳೂರಿನ ಎಷ್ಟೋ ಕಾಂಪೌಂಡುಗಳಲ್ಲಿ ಹಳದಿ ಕಣಗಿಲೆಯೂ ಇದೆ, ಅದರದ್ದೂ ತುತ್ತೂರಿಯಂಥ ಹಳದಿ ಹೂ, ಮುರಿದರೆ ಅದರಲ್ಲೂ ಹಾಲು, ಪೂಜೆಗೆ ಅಂತ ಜನ ಬೆಳಿಗ್ಗೆ ಬೆಳಿಗ್ಗೆ ಕಿತ್ತುಕೊಂಡು ಹೋಗುವುದೂ ಅದನ್ನೇ. ಅದು ಬಳ್ಳಿಯಲ್ಲ, ಗಿಡ. ಎಲೆ ಕಿರಿದು, ಉದ್ದ. ಅಲಮಂಡದ ಎಲೆ ಅಗಲ, ಒಂದೇ ಗೆಣ್ಣಿನ ಸುತ್ತ ಮೂರು ನಾಲ್ಕು ಎಲೆ ಕೂತಿರುತ್ತವೆ, ಹೂವೂ ಬಾಯಿ ಅಗಲಿಸಿ ಅರಳಿರುತ್ತದೆ. ಹಳದಿ ಕಣಗಿಲೆಯಲ್ಲಿ ಮೂಲೆಮೂಲೆಯಾದ ಹಸಿರು ಕಾಯಿ ಬಿಡುತ್ತದೆ, ಒಳಗೆ ಗಟ್ಟಿ ಬೀಜ. ಆ ಬೀಜ ಜೀವವನ್ನೇ ತೆಗೆದೀತು. ಅಂಗಳದಲ್ಲಿ ಅದಿದ್ದರೆ ಯೋಚನೆ ಮಾಡಬೇಡಿ, ತೆಗೆಸಿ.

ಅಲಮಂಡ ಇರಲಿ. ಮಗುವಿನ ಕೈಗೆ ಎಟಕುವ ರೆಂಬೆ ಸವರಿ, ಬೆಳಿಗ್ಗೆ ರಂಗೋಲಿ ಹಾಕುವ ಮೊದಲೇ ಉದುರಿದ ಹೂ ಗುಡಿಸಿಬಿಡಿ. ಕೈಗವಸು ಹಾಕಿಕೊಂಡೇ ಸವರಿ. ನಾನೊಮ್ಮೆ ಬರಿಗೈಲಿ ಸವರಿ, ಮುಂಗೈ ಎರಡು ದಿನ ಉರಿದಿತ್ತು.

ಮಗು ಎಲೆ ಅಗಿದರೆ ಬೆರಳು ಹಾಕಿ ವಾಂತಿ ಮಾಡಿಸಬೇಡಿ, ಉಪ್ಪುನೀರು ಬೇಡವೇ ಬೇಡ. ಬಾಯಲ್ಲಿರುವುದನ್ನು ತೆಗೆದು, ಒದ್ದೆ ಬಟ್ಟೆಯಲ್ಲಿ ಒರೆಸಿ, ಸೋಪು ಹಾಕಿ ಕೈ ತೊಳೆಸಿ. ಹಾಲು ಕಣ್ಣಿಗೆ ಬಿದ್ದರೆ 15 ನಿಮಿಷ ನೀರು ಬಿಟ್ಟು ತೊಳೆದು ಡಾಕ್ಟರಿಗೆ ತೋರಿಸಿ. ದೆಹಲಿಯ ಏಮ್ಸ್‌ನಲ್ಲಿ ವಿಷ ಮಾಹಿತಿ ಕೇಂದ್ರವಿದೆ, 24 ಗಂಟೆಯೂ ಫೋನ್ ಎತ್ತುತ್ತಾರೆ: 1800 116 117. ವಾಂತಿ, ಭೇದಿ ಶುರುವಾದರೆ ಆಸ್ಪತ್ರೆಗೇ ಹೋಗಿ, ಗಿಡದ ಒಂದು ರೆಂಬೆ ಕವರಿನಲ್ಲಿ ಹಾಕಿಕೊಂಡು ಹೋಗಿ. ಹಳದಿ ಕಣಗಿಲೆ ಬಾಯಿಗೆ ಹೋದ ಅನುಮಾನ ಬಂದರೂ ಸಾಕು, ಒಂದು ಕ್ಷಣವೂ ಕಾಯಬೇಡಿ.

ನಾಯಿ ಜೊಲ್ಲು ಸುರಿಸುತ್ತಾ ಮತ್ತೆ ಮತ್ತೆ ವಾಂತಿ ಮಾಡಿದರೆ ಹತ್ತಿರದ ಪಶುವೈದ್ಯರಿಗೆ ತೋರಿಸಿ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲೂ ಆಸ್ಪತ್ರೆ ಇದೆ.

ಕೆಳಗಡೆ ಖಾಲಿಯಾದ ಜಾಗಕ್ಕೆ ಮಲ್ಲಿಗೆ ಹಬ್ಬಿಸಿ, ಅದರಿಂದ ನಾಯಿಗೂ ಭಯವಿಲ್ಲ. ಸವರಿದ ರೆಂಬೆಗಳನ್ನು ಮಾತ್ರ ಗೇಟಿನಾಚೆ ಹಾಕಬೇಡಿ, ಬೀದಿ ಹಸುಗಳು ಬಾಯಿ ಹಾಕುತ್ತವೆ.