ಪ್ರಾರ್ಥನೆಯಿಂದ ಸಲಿಂಗಾಕರ್ಷಣೆ ಬದಲಾಗುತ್ತದೆಯೇ? ‘ಬದಲಾದೆ’ ಎನ್ನುವವರ ಸಾಕ್ಷಿಗಳನ್ನು ನಂಬಬಹುದೇ?

ನಿಮ್ಮ ತಮ್ಮ ತಾನು ಗೇ ಎಂದು ಮನೆಯಲ್ಲಿ ಹೇಳಿದ್ದಾನೆ. ಪ್ರಾರ್ಥನೆಯಿಂದ ಬದಲಾದೆವು ಎನ್ನುವವರ ಸಾಕ್ಷಿ ವಿಡಿಯೋಗಳನ್ನು ಅಮ್ಮ ದಿನಾ ತೋರಿಸುತ್ತಿದ್ದಾರೆ. ಅವರೆಲ್ಲ ಸುಳ್ಳು ಹೇಳ್ತಿದ್ದಾರಾ, ಇಲ್ಲ ನಿಜವಾಗಿ ಬದಲಾಗಿದ್ದಾರಾ ಅಂತ ಕೇಳಿದ್ದೀರಿ.

ಹೆಚ್ಚಿನ ಸಲ ಎರಡೂ ಅಲ್ಲ. ಅಂಥದ್ದೊಂದು ಸಾಕ್ಷಿ ನಾನೇ ಹೇಳಿದ್ದೇನೆ, ಅದಕ್ಕೇ ಇಷ್ಟು ಧೈರ್ಯವಾಗಿ ಹೇಳುತ್ತಿದ್ದೇನೆ.

ನನಗಾಗ 23. ನನ್ನನ್ನು ಯಾರೂ ಎಳೆದುಕೊಂಡು ಹೋಗಿರಲಿಲ್ಲ. ನಾನೇ ಹೋಗಿ ಒಂದು ಪ್ರಾರ್ಥನಾ ಗುಂಪಿನ ಹಿರಿಯರ ಹತ್ತಿರ ಎಲ್ಲ ಹೇಳಿಕೊಂಡೆ. ಅವರು ಬೈಯಲಿಲ್ಲ. ತಲೆ ಮೇಲೆ ಕೈಯಿಟ್ಟು ಅತ್ತರು. ಇಂಥ ಜಾಗಗಳಲ್ಲಿ ಬರೀ ಕ್ರೂರಿಗಳೇ ಇರುತ್ತಾರೆ ಅಂದುಕೊಂಡರೆ, ಜನ ಅಲ್ಲಿ ವರ್ಷಗಟ್ಟಲೆ ಯಾಕೆ ಉಳಿಯುತ್ತಾರೆ ಅನ್ನೋದು ಅರ್ಥವಾಗುವುದಿಲ್ಲ. ನನ್ನ ಗುಟ್ಟು ತಿಳಿದ ಮೇಲೂ ಪಕ್ಕದಲ್ಲಿ ಕೂರಿಸಿಕೊಂಡ ಮೊದಲ ಜನ ಅವರು.

ಒಂದು ನೋಟ್‌ಬುಕ್ ಕೊಟ್ಟರು. ದಿನಕ್ಕೊಂದು ಸಾಲು. ಅವತ್ತು ‘ಆ ಯೋಚನೆ’ ಬರದಿದ್ದರೆ ರೈಟು, ಬಂದರೆ ತಪ್ಪು ಗುರುತು. ಎಷ್ಟು ಹೊತ್ತಿಗೆ ಬಂತು, ಏನು ನೋಡಿದಾಗ ಬಂತು ಅಂತ ಪಕ್ಕದಲ್ಲಿ ಬರೆಯಬೇಕು. ವಾರಕ್ಕೊಮ್ಮೆ ಹಿರಿಯರು ಎಣಿಸುತ್ತಿದ್ದರು. ಬೆಳಗಿಂದ ರಾತ್ರಿವರೆಗೆ ‘ಬಂತಾ, ಬಂತಾ’ ಅಂತ ಕಾಯುತ್ತಾ ಕೂತವನಿಗೆ ಅದು ಬರದೆ ಇನ್ನೇನು ಬರುತ್ತೆ? ಮೂರನೇ ತಿಂಗಳ ಹೊತ್ತಿಗೆ ತಪ್ಪು ಗುರುತು ಕಡಿಮೆಯಾದವು. ಉಪವಾಸ, ರಾತ್ರಿಯೆಲ್ಲ ಪ್ರಾರ್ಥನೆ. ಯಾವ ಆಸೆಗೂ ಮೈಯಲ್ಲಿ ತ್ರಾಣ ಉಳಿದಿರಲಿಲ್ಲ. ಹುಡುಗಿಯರ ಮೇಲೆ ಆಸೆ ಮೊದಲೂ ಇರಲಿಲ್ಲ, ಆಮೇಲೂ ಬರಲಿಲ್ಲ. ಆ ನೋಟ್‌ಬುಕ್ಕಲ್ಲಿ ಅದಕ್ಕೊಂದು ಕಾಲಮ್ಮೇ ಇರಲಿಲ್ಲ ಅನ್ನೋದು ನನಗೆ ಹೊಳೆದದ್ದು ಎಷ್ಟೋ ವರ್ಷದ ಮೇಲೆ.

ಆರನೇ ತಿಂಗಳು, ಸಭೆಯ ಮುಂದೆ ಸಾಕ್ಷಿ ಹೇಳು ಅಂದರು. ಇನ್ನೂ ಪೂರ್ತಿ ಆಗಿಲ್ಲ ಅಂದೆ. ‘ಆಗಿದೆ ಅಂತ ವಿಶ್ವಾಸದಿಂದ ಬಾಯಿಬಿಟ್ಟು ಹೇಳು, ಆಗ ಆಗುತ್ತದೆ’ ಅಂದರು. ನಾನು ಬರೆದುಕೊಂಡು ಹೋದ ಹಾಳೆಯಲ್ಲಿ ‘ಕರ್ತನು ನನ್ನನ್ನು ಬಿಡಿಸುತ್ತಿದ್ದಾನೆ’ ಎಂದಿತ್ತು. ಹಿರಿಯರು ಪೆನ್ನು ತೆಗೆದುಕೊಂಡು ‘ಸುತ್ತಿ’ ಹೊಡೆದು ಮೇಲೆ ‘ಸಿ’ ಬರೆದರು. ಬಿಡಿಸಿದ್ದಾನೆ. ಅಷ್ಟೇ ತಿದ್ದಿದ್ದು.

ಹಾಗೇ ಓದಿದೆ. ಜನ ಆಮೆನ್ ಅಂದರು, ಕೆಲವರು ಅತ್ತರು. ಓದುವಾಗ ಸುಳ್ಳು ಹೇಳ್ತಿದ್ದೀನಿ ಅಂತ ನನಗೆ ಅನ್ನಿಸಲೇ ಇಲ್ಲ. ನಾಳೆ ಆಗುವುದನ್ನು ಇವತ್ತೇ ಹೇಳುತ್ತಿದ್ದೇನೆ ಅಂದುಕೊಂಡಿದ್ದೆ. ನಿಮ್ಮ ಅಮ್ಮ ತೋರಿಸುವ ವಿಡಿಯೋಗಳಲ್ಲಿ ಇರುವವರೂ ಬಹಳಷ್ಟು ಮಂದಿ ಇದೇ ಜಾಗದಲ್ಲಿ ನಿಂತು ಮಾತಾಡುತ್ತಿರಬಹುದು.

ವಿಜ್ಞಾನದ ಹೆಸರಲ್ಲಿ ‘ಒಲವು ಬದಲಾಗುತ್ತದೆ’ ಎಂಬ ವಾದಕ್ಕೆ ಸಿಕ್ಕ ದೊಡ್ಡ ಆಧಾರ ನಿಂತಿದ್ದೂ ಇಂಥ ಮಾತಿನ ಮೇಲೇ. ರಾಬರ್ಟ್ ಸ್ಪಿಟ್ಜರ್ ಎಂಬ ಅಮೆರಿಕದ ಮನೋವೈದ್ಯ. 1973ರಲ್ಲಿ ಅಲ್ಲಿನ ಮನೋವೈದ್ಯರ ಸಂಘ ಸಲಿಂಗಾಸಕ್ತಿಯನ್ನು ಕಾಯಿಲೆಗಳ ಪಟ್ಟಿಯಿಂದ ತೆಗೆದಾಗ ಮುಂದೆ ನಿಂತು ಕೆಲಸ ಮಾಡಿದವರಲ್ಲಿ ಇವರೂ ಒಬ್ಬರು. ಅವರೇ 2003ರಲ್ಲಿ, ಬಲವಾದ ಇಚ್ಛೆ ಇದ್ದ ಕೆಲವರು ಬದಲಾಗಬಹುದು ಎಂದು ಬರೆದರು. ಬದಲಾವಣೆ ವಿರೋಧಿಸುವ ಕಡೆಯ ದೊಡ್ಡ ಮನುಷ್ಯನೇ ಹೀಗಂದರೆ ಕೇಳಬೇಕೆ? ಧಾರ್ಮಿಕ ಗುಂಪುಗಳು ಅದನ್ನು ತಲೆ ಮೇಲೆ ಹೊತ್ತು ಮೆರೆಸಿದವು. ಆದರೆ ಅಧ್ಯಯನ ಮಾಡಿದ್ದು ಹೇಗೆ? ತಾವು ಬದಲಾಗಿದ್ದೇವೆ ಎನ್ನುವ 200 ಜನರಿಗೆ ಫೋನ್ ಮಾಡಿ ಕೇಳಿದ್ದು. ಅವರಲ್ಲಿ ಬಹಳ ಜನ ಸಿಕ್ಕಿದ್ದು ಬದಲಾಯಿಸುತ್ತೇವೆ ಎನ್ನುವ ಸಂಸ್ಥೆಗಳ ಮೂಲಕವೇ. ಫೋನಿನಲ್ಲಿ ನನ್ನನ್ನು ಕೇಳಿದ್ದರೆ ಆ ಆರನೇ ತಿಂಗಳಲ್ಲಿ ನಾನೂ ಹೂಂ ಅಂದಿರುತ್ತಿದ್ದೆ. 2012ರಲ್ಲಿ, 80ರ ಹತ್ತಿರ ಇದ್ದಾಗ, ಸ್ಪಿಟ್ಜರ್ ಅದನ್ನು ಒಪ್ಪಿಕೊಂಡರು. ಆ ಜನ ಹೇಳಿದ್ದು ನಿಜವೋ, ತಮಗೆ ತಾವೇ ಹೇಳಿಕೊಂಡ ಸಮಾಧಾನವೋ ಎಂದು ತಿಳಿಯಲು ತಮ್ಮ ಬಳಿ ದಾರಿಯೇ ಇರಲಿಲ್ಲ ಎಂದರು. ಸಲಿಂಗಿಗಳ ಕ್ಷಮೆ ಕೇಳಿದರು.

2002ರ ಇನ್ನೊಂದು ಅಧ್ಯಯನ ನನಗೆ ಇದಕ್ಕಿಂತ ಹೆಚ್ಚು ಹತ್ತಿರ. ಬದಲಾಗಲು ಪ್ರಯತ್ನಪಟ್ಟ 202 ಜನರನ್ನು ಶಿಡ್ಲೋ ಮತ್ತು ಶ್ರೋಡರ್ ಎಂಬಿಬ್ಬರು ಮಾತಾಡಿಸಿದರು. ತಮ್ಮ ಒಲವೇ ಬದಲಾಯಿತು ಅಂದವರು 8 ಜನ. ಆ 8ರಲ್ಲಿ 7 ಜನ ಬೇರೆಯವರನ್ನು ಬದಲಾಯಿಸುವ ಗುಂಪುಗಳಲ್ಲಿ ಸಲಹೆಗಾರರೋ ಮುಂದಾಳುಗಳೋ ಆಗಿದ್ದರು. ಸಾಕ್ಷಿ ಹೇಳಿದ ಮರುವಾರವೇ ನನಗೂ ಒಬ್ಬ ಹೊಸ ಹುಡುಗನನ್ನು ‘ನೋಡಿಕೊಳ್ಳೋಕೆ’ ಕೊಟ್ಟಿದ್ದರು. ಆಮೇಲೆ ಮಾತು ಹಿಂದೆ ತಗೊಳ್ಳೋದು ಹೇಗೆ? ಆ ಹುಡುಗನ ನೋಟ್‌ಬುಕ್ಕನ್ನು ನಾನು ಎಣಿಸಿದ್ದೇನೆ. ಈ ಕಥೆಯಲ್ಲಿ ಇವತ್ತಿಗೂ ಚುಚ್ಚುವ ಭಾಗ ಅದು.

ಇನ್ನು ಮುಂದಾಳುಗಳ ಕಥೆ. ಎಕ್ಸೋಡಸ್ ಇಂಟರ್‌ನ್ಯಾಷನಲ್ ಎಂಬ ಸಂಸ್ಥೆ 1976ರಲ್ಲಿ ಅಮೆರಿಕದಲ್ಲಿ ಶುರುವಾಯಿತು. ‘ಎಕ್ಸ್-ಗೇ’ ಚಳವಳಿ, ಅಂದರೆ ‘ಹಿಂದೆ ಗೇ ಆಗಿದ್ದೆ, ಈಗಲ್ಲ’ ಎನ್ನುವವರ ಚಳವಳಿ, ಅಂದಾಗ ಮೊದಲು ನೆನಪಾಗುವ ಹೆಸರು. ಶುರು ಮಾಡಿದವರಲ್ಲಿ ಮೈಕಲ್ ಬಸ್ಸಿ ಒಬ್ಬ, ಅಲ್ಲಿ ಅವನ ಜೊತೆ ಕೆಲಸ ಮಾಡುತ್ತಿದ್ದವನು ಗ್ಯಾರಿ ಕೂಪರ್. ಮೂರೇ ವರ್ಷದಲ್ಲಿ ಇಬ್ಬರೂ ಪರಸ್ಪರ ಪ್ರೀತಿಸಿ ಸಂಸ್ಥೆ ಬಿಟ್ಟು ಹೋದರು. ಕಟ್ಟುಕತೆಯಲ್ಲಿ ಬರೆದಿದ್ದರೆ ಅತಿಯಾಯಿತು ಅನ್ನುತ್ತಿದ್ದೆವು. ಆದರೂ ಸಂಸ್ಥೆ 37 ವರ್ಷ ನಡೆಯಿತು. 1998ರಲ್ಲಿ ಜಾನ್ ಪೌಲ್ಕ್ ಎಂಬಾತ ಹೆಂಡತಿಯ ಜೊತೆ ನ್ಯೂಸ್‌ವೀಕ್ ಮುಖಪುಟಕ್ಕೆ ಬಂದ, ಬದಲಾದ ಗಂಡಸಿನ ಮಾದರಿಯಾಗಿ. 2000ದಲ್ಲಿ ವಾಷಿಂಗ್ಟನ್ನಿನ ಒಂದು ಗೇ ಬಾರಿನಲ್ಲಿ ಕಾಣಿಸಿಕೊಂಡ. 2013ರಲ್ಲಿ, ಬದಲಾಯಿಸುವ ಚಿಕಿತ್ಸೆಯಿಂದ ಒಲವು ಬದಲಾಗುವುದಿಲ್ಲ, ಹಾನಿಯೇ ಆಗುತ್ತದೆ ಎಂದು ಹೇಳಿ ಕ್ಷಮೆ ಕೇಳಿದ. ಎಕ್ಸೋಡಸ್‌ನ ಕೊನೆಯ ಅಧ್ಯಕ್ಷ ಅಲನ್ ಚೇಂಬರ್ಸ್ 2012ರಲ್ಲಿ, ತಾನು ಕಂಡವರಲ್ಲಿ 99.9% ಜನರ ಒಲವು ಬದಲಾಗಿಲ್ಲ ಎಂದು ಬಾಯಿಬಿಟ್ಟು ಹೇಳಿದ. ಮರುವರ್ಷ ಸಂಸ್ಥೆಯ ಬಾಗಿಲೇ ಮುಚ್ಚಿತು. ಇವರನ್ನು ಆಷಾಢಭೂತಿಗಳು ಅಂತ ನಗುವವರಿದ್ದಾರೆ. ನನಗೆ ನಗು ಬರುವುದಿಲ್ಲ. ಅವರ ಹಾಳೆಗಳನ್ನೂ ಯಾರೋ ತಿದ್ದಿರಬಹುದು.

ಹಾಗಾದರೆ ಬದಲಾವಣೆಯ ಪರ ಏನೂ ಇಲ್ಲವೇ? ಇದೆ. ಜೋನ್ಸ್ ಮತ್ತು ಯಾರ್‌ಹೌಸ್ ಎಂಬ ಇಬ್ಬರು ಕ್ರೈಸ್ತ ಮನಶ್ಶಾಸ್ತ್ರಜ್ಞರು ಎಕ್ಸೋಡಸ್‌ಗೆ ಸೇರಿದವರನ್ನೇ ಆರೇಳು ವರ್ಷ ಹಿಂಬಾಲಿಸಿದರು. ಶುರುವಲ್ಲಿ 98 ಜನ, ಕೊನೆಗೆ ಉಳಿದವರು 61. ಅವರಲ್ಲಿ 23% ಜನ ಬದಲಾದೆವು ಅಂದರು, 30% ಜನ ಬ್ರಹ್ಮಚರ್ಯದಲ್ಲಿ ನೆಮ್ಮದಿಯಾಗಿದ್ದೇವೆ ಅಂದರು. ಫೋನ್ ಮಾಡಿ ಕೇಳುವುದಕ್ಕಿಂತ ಇದು ಎಷ್ಟೋ ವಾಸಿ. ಆದರೆ ಇಲ್ಲೂ ಅವರವರ ಮಾತೇ ಪುರಾವೆ. ಬಿಟ್ಟು ಹೋದ 37 ಜನರ ಲೆಕ್ಕ ಇದರಲ್ಲಿಲ್ಲ. ಪ್ರಯತ್ನ ಪಡದವರ ಜೊತೆ ಹೋಲಿಕೆಯೂ ಇಲ್ಲ.

ಆ ಹೋಲಿಕೆ ಯಾಕೆ ಮುಖ್ಯ ಅಂದರೆ, ಕೆಲವರ ಆಕರ್ಷಣೆ ವರ್ಷಗಳಲ್ಲಿ ತಾನಾಗಿಯೇ ಅತ್ತಿತ್ತ ಸರಿಯುತ್ತದೆ. ಲೀಸಾ ಡೈಮಂಡ್ ಎಂಬ ಸಂಶೋಧಕಿ ನೂರರ ಹತ್ತಿರ ಮಹಿಳೆಯರನ್ನು 10 ವರ್ಷ ಗಮನಿಸಿ ಇದನ್ನು ತೋರಿಸಿದರು. ‘ನೋಡಿ, ಬದಲಾಗುತ್ತೆ!’ ಅಂತ ಬದಲಾವಣೆಯ ಗುಂಪುಗಳು ಅವರ ಹೆಸರು ಹಿಡಿದುಕೊಂಡವು. ನನ್ನ ಕೆಲಸವನ್ನು ತಿರುಚಬೇಡಿ ಎಂದು ಆಕೆಯೇ ಬಹಿರಂಗವಾಗಿ ಹೇಳಬೇಕಾಯಿತು. ತಾನಾಗಿ ಸರಿಯುವುದು ಬೇರೆ, ಹಿಡಿದು ಸರಿಸುವುದು ಬೇರೆ ಅಲ್ವಾ?

ಬ್ರಹ್ಮಚರ್ಯದ ವಿಷಯಕ್ಕೆ ನನ್ನ ಗೇ ಗೆಳೆಯರು ನನ್ನ ಜೊತೆ ಜಗಳ ಮಾಡುತ್ತಾರೆ. ನಂಬಿಕೆಯ ಕಾರಣಕ್ಕೆ ಒಬ್ಬ ವಯಸ್ಕ ‘ನಾನು ಗೇ, ಆದರೆ ಒಂಟಿಯಾಗಿರುತ್ತೇನೆ’ ಅಂದರೆ, ಅದು ಅವನ ಬದುಕು. ಅದರಲ್ಲಿ ಮೋಸವಿಲ್ಲ. ಮೋಸ ಇರುವುದು ಅದಕ್ಕೆ ‘ಬಿಡುಗಡೆ’ ಅಂತ ಹೆಸರಿಟ್ಟು, ಆ ಹೆಸರಿನ ಮೇಲೆ ಒಬ್ಬ ಹುಡುಗಿಯನ್ನು ತಂದು ಮದುವೆ ಮಾಡಿಸುವುದರಲ್ಲಿ. ನನಗೂ ಹುಡುಗಿ ನೋಡಿದ್ದರು. ಗುಂಪು ಬಿಟ್ಟಿದ್ದು ಆಗಲೇ. ಧೈರ್ಯ ಬಂದು ಬಿಟ್ಟೆ ಅಂತಲ್ಲ. ಆಕೆ ನನ್ನ ಸಾಕ್ಷಿಯನ್ನು ನಿಜ ಅಂತ ನಂಬಿದ್ದಾಳೆ ಅಂತ ಗೊತ್ತಾದಾಗ ಹೆದರಿ ಬಿಟ್ಟೆ.

ಹಾನಿಯ ಬಗ್ಗೆ ಅಮ್ಮನಿಗೆ ಒಂದೇ ಒಂದು ಲೆಕ್ಕ ಹೇಳಬೇಕು ಅಂದರೆ ಇದನ್ನು ಹೇಳಿ. 2018ರಲ್ಲಿ ಅಮೆರಿಕದಲ್ಲಿ ಪ್ರಕಟವಾದದ್ದು, 21ರಿಂದ 25 ವಯಸ್ಸಿನ, ಗೇ, ಲೆಸ್ಬಿಯನ್, ಟ್ರಾನ್ಸ್ ಮುಂತಾದ 245 ಜನರ ಅಧ್ಯಯನ. ಬದಲಾಯಿಸುವ ಪ್ರಯತ್ನಕ್ಕೆ ಒಳಗಾಗದವರಲ್ಲಿ 22% ಜನ ಆತ್ಮಹತ್ಯೆಗೆ ಯತ್ನಿಸಿದ್ದರು. ಹದಿಹರೆಯದಲ್ಲಿ ತಂದೆತಾಯಿ ಮನೆಯಲ್ಲೇ ಪ್ರಯತ್ನಿಸಿದವರಲ್ಲಿ ಅದು 48%. ಮನೆಯ ಒತ್ತಡದ ಜೊತೆಗೆ ಧರ್ಮಗುರುಗಳ ಬಳಿಗೋ ಥೆರಪಿಗೋ ಕಳಿಸಲ್ಪಟ್ಟವರಲ್ಲಿ 63%. ಇದೂ ಅವರವರೇ ಹೇಳಿದ್ದು, ಹೌದು. ನಾನು ಆ ಕಡೆಗೆ ಹಾಕಿದ ತಕ್ಕಡಿಯನ್ನೇ ಈ ಕಡೆಗೂ ಹಾಕಬೇಕಲ್ಲ. ಆದರೆ ಸಾಯಲು ಯತ್ನಿಸಿದ್ದನ್ನು ನೆನಪಿಟ್ಟು ಹೇಳೋದಕ್ಕೂ ಒಳಗಿನ ಆಸೆ ಹೋಯಿತು ಅಂತ ಹೇಳೋದಕ್ಕೂ ವ್ಯತ್ಯಾಸವಿದೆ.

ಕಾನೂನಿನ ವಿಷಯ ಬೇಗ ಹೇಳಿಬಿಡುತ್ತೇನೆ. ಬದಲಾಯಿಸುವ ಇಂಥ ಪ್ರಯತ್ನಗಳನ್ನು ಮಾಲ್ಟಾ 2016ರಲ್ಲಿ ನಿಷೇಧಿಸಿತು. ಕೆನಡಾ, ಫ್ರಾನ್ಸ್, ನ್ಯೂಜಿಲೆಂಡ್ 2022ರಲ್ಲಿ. ಭಾರತದಲ್ಲಿ 2021ರ ಮದ್ರಾಸ್ ಹೈಕೋರ್ಟ್ ಆದೇಶದ ನಂತರ, 2022ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಇದನ್ನು ವೃತ್ತಿ ದುರ್ನಡತೆ ಎಂದಿತು. ಆದರೆ ಅದು ಹಿಡಿಯುವುದು ವೈದ್ಯರನ್ನು. ಪ್ರಾರ್ಥನಾ ಗುಂಪಿನ ಹಿರಿಯರಿಗೆ ಲೈಸೆನ್ಸೇ ಇಲ್ಲ, ಕಿತ್ತುಕೊಳ್ಳೋದೇನು? ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯ 2021ರ ಕಾನೂನಿನಲ್ಲಿ, ಬದಲಾಯಿಸುವ ಉದ್ದೇಶದ ಪ್ರಾರ್ಥನೆಯನ್ನೂ ಸೇರಿಸಿತು. ಪ್ರಾರ್ಥನೆಯೊಳಗೆ ಸರ್ಕಾರ ಬರುವುದು ನನಗೆ ಅಷ್ಟು ಹಿಡಿಸುವುದಿಲ್ಲ. 18 ತುಂಬದ ಮಕ್ಕಳ ವಿಷಯದಲ್ಲಿ ಮಾತ್ರ ನನಗೆ ಅನುಮಾನವಿಲ್ಲ, ಬರಲೇಬೇಕು.

ಅಮ್ಮನ ಜೊತೆ ವಾದಕ್ಕೆ ಇಳಿಯಬೇಡಿ. ಜೊತೆಗೆ ಕೂತು ವಿಡಿಯೋ ನೋಡಿ. ಎಂದು ಮಾಡಿದ್ದು ಅಂತ ನೋಡಿ. ಮಾತಾಡುವವರು ಈಗ ಏನು ಕೆಲಸ ಮಾಡುತ್ತಿದ್ದಾರೆ, ಆ ಗುಂಪಿನಲ್ಲೇ ಇದ್ದಾರಾ? ಏನು ಬದಲಾಯಿತು ಅಂತ ಅವರು ಹೇಳುತ್ತಾರೆ: ನಡತೆಯೋ, ಹೆಸರೋ, ಆಕರ್ಷಣೆಯೋ? ಆ ಕೊನೆಯದರ ಬಗ್ಗೆ ನೇರವಾಗಿ ಒಂದು ವಾಕ್ಯ ಸಿಕ್ಕರೆ ಹೇಳಿ. ಅಂದಹಾಗೆ, ಮಗನ ಬಗ್ಗೆ ಚಿಂತೆಯಾಗಿ ಪತ್ರ ಬರೆದ ಅಮೆರಿಕದ ಒಬ್ಬ ತಾಯಿಗೆ ಮನೋವಿಶ್ಲೇಷಕ ಫ್ರಾಯ್ಡ್ 1935ರಲ್ಲೇ ಉತ್ತರ ಬರೆದಿದ್ದ. ಇದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ, ಬದಲಾಯಿಸುತ್ತೇನೆ ಅಂತ ಭರವಸೆ ಕೊಡಲು ನನ್ನಿಂದಾಗದು ಎಂಬ ಅರ್ಥದಲ್ಲಿ.

ಪ್ರಾರ್ಥನೆಯನ್ನೇ ಬಿಡಬೇಕಾ ಅಂತ ಅಮ್ಮ ಕೇಳಬಹುದು. ನಾನು ಬಿಟ್ಟಿಲ್ಲ. ಬೇಡುವ ವಿಷಯ ಬೇರೆಯಾಗಿದೆ ಅಷ್ಟೇ.

ನಿಮ್ಮ ತಮ್ಮನೇ ‘ಒಂದ್ಸಲ ಹೋಗಿ ನೋಡ್ತೀನಿ’ ಅಂದರೆ? ನಾನೂ ಹಾಗೇ ಹೋದವನು, ಬೇಡ ಅಂದಿದ್ದರೆ ಕೇಳುತ್ತಿರಲಿಲ್ಲ. ಮೊದಲು ಒಬ್ಬ ಒಳ್ಳೆ ಮನಶ್ಶಾಸ್ತ್ರಜ್ಞರ ಹತ್ತಿರ ಮಾತಾಡಿಸಿ. ಆದರೂ ಹೋಗುತ್ತೇನೆ ಅಂದರೆ, ಯಾವ ತಾರೀಕಿಗೆ ನಿಲ್ಲಿಸಬೇಕು ಅಂತ ಹೋಗುವ ಮುಂಚೆಯೇ ಇಬ್ಬರೂ ಕೂತು ಗೊತ್ತುಮಾಡಿಕೊಳ್ಳಿ. ಸಾಕ್ಷಿ ಹೇಳು ಅಂದರೆ ಹಾಳೆಯನ್ನು ಮೊದಲು ನಿಮಗೆ ತೋರಿಸಲಿ. ವಾರಕ್ಕೊಮ್ಮೆ ಫೋನ್ ಮಾಡಿ. ಬದಲಾದೆಯಾ, ಏನಾಯ್ತು ಅಂತ ಕೇಳಬೇಡಿ. ರಾತ್ರಿ ನಿದ್ದೆ ಮಾಡ್ತಿದ್ದೀಯಾ, ಊಟ ಮಾಡ್ತಿದ್ದೀಯಾ ಅಂತ ಕೇಳಿ. ಆ ಆರು ತಿಂಗಳಲ್ಲಿ ನನ್ನನ್ನು ಅದನ್ನು ಯಾರೂ ಕೇಳಿರಲಿಲ್ಲ.