‘ಕೇವಲ’ ಗಿಡ ಬರೆದವಳು

“ಸಂಪಾದಕರೇ, ಹಿಂದಿನ ಸಂಚಿಕೆಯಲ್ಲಿ ವಿಕ್ಟೋರಿಯಾ ರಾಣಿಯ ಕಾಲದ ಮೇರಿಯಾನ್ ನಾರ್ತ್ ಎಂಬ ಹೆಂಗಸಿನ ಚಿತ್ರಗಳಿಗೆ ಎಂಟು ಪುಟ ಕೊಟ್ಟಿದ್ದೀರಿ. ಮೂವತ್ತು ವರ್ಷ ಪ್ರೌಢಶಾಲೆಯಲ್ಲಿ ಚಿತ್ರಕಲೆ ಕಲಿಸಿದ ನನಗೆ ಇದು ಸರಿಕಾಣಲಿಲ್ಲ. ಆಕೆ ಕಲಾವಿದೆಯಲ್ಲ, ಕೇವಲ ಗಿಡಗಳ ಚಿತ್ರ ಬರೆದವಳು. ಅಪ್ಪನ ದುಡ್ಡು, ಸಾಹೇಬರ ಬಂಗಲೆಗಳಲ್ಲಿ ವಸತಿ, ಮನೆಯಲ್ಲಿ ಕುಳಿತು ಕಲಿತ ಹವ್ಯಾಸ. ಕಲ್ಪನೆ ಇಲ್ಲದಲ್ಲಿ ಕಲೆ ಎಲ್ಲಿಂದ ಬರಬೇಕು? ಕನ್ನಡದ ಓದುಗರಿಗೂ ಆಕೆಗೂ ಏನು ಸಂಬಂಧ? ಮನೆಯ ಮುಂದಿನ ಬೇವಿನ ಮರದ ನೆರಳಿನಲ್ಲಿ ಕುಳಿತು, ಸಿಟ್ಟಿನಿಂದಲೇ ಇದನ್ನು ಬರೆಯುತ್ತಿದ್ದೇನೆ.”
— ನಿವೃತ್ತ ಚಿತ್ರಕಲಾ ಶಿಕ್ಷಕರೊಬ್ಬರು, ಧಾರವಾಡ

ಪ್ರಿಯ ಮಾಸ್ತರರೇ,

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮೊದಲ ಸಲ ಅಕ್ಷರದ ಚೆಲುವಿಗಾಗಿ. ಇಂಥ ದುಂಡಗಿನ ಬರಹದ ಪತ್ರ ನಮ್ಮ ಕಚೇರಿಗೆ ಬಂದು ಬಹಳ ಕಾಲವಾಗಿತ್ತು. ಎರಡನೆಯ ಸಲ ಒಂದೇ ಒಂದು ಪದಕ್ಕಾಗಿ. ‘ಕೇವಲ’ ಎಂದು ಬರೆದು ಅದರ ಕೆಳಗೆ ಕೆಂಪು ಮಸಿಯಲ್ಲಿ ಗೆರೆ ಎಳೆದಿದ್ದೀರಿ. ಚಿತ್ರಗಳ ಕುರಿತ ಮಾತಿನಲ್ಲಿ ನನ್ನನ್ನು ಇಷ್ಟು ಕೆರಳಿಸುವ ಪದ ಇನ್ನೊಂದಿಲ್ಲ. ಉತ್ತರ ಉದ್ದವಾಗುತ್ತದೆ, ತಾಳಿಕೊಳ್ಳಿ.

ನಿಮ್ಮ ಆಕ್ಷೇಪದಲ್ಲಿ ನಿಜವೂ ಇದೆ. ಮೇರಿಯಾನ್ ನಾರ್ತ್ ಉಳ್ಳವರ ಮನೆಯ ಮಗಳು. ತಂದೆ ಫ್ರೆಡರಿಕ್ ನಾರ್ತ್ ಹೇಸ್ಟಿಂಗ್ಸ್ ಪಟ್ಟಣದಿಂದ ಪಾರ್ಲಿಮೆಂಟಿಗೆ ಆಯ್ಕೆಯಾಗಿದ್ದವನು. ಆಕೆ ಹೋಗುವ ಊರಿಗೆ ಪರಿಚಯಪತ್ರಗಳು ಮೊದಲೇ ಹೋಗುತ್ತಿದ್ದವು. ಸಾಮ್ರಾಜ್ಯದ ಅಧಿಕಾರಿಗಳ ಮನೆಯ ಬಾಗಿಲು ತೆರೆದೇ ಇರುತ್ತಿತ್ತು. ಅದೇ ಕಾಲದ ಬಡ ಹೆಣ್ಣುಮಗಳಿಗೆ ಇಂಥ ಬದುಕು ಕನಸಿನಲ್ಲಿಯೂ ದಕ್ಕುವಂಥದ್ದಲ್ಲ. ಕೆಲವು ಚಿತ್ರಗಳಲ್ಲಿ ಬಣ್ಣ ಒರಟಾಗಿದೆ, ಎಲೆಯೂ ಹೂವೂ ಒಂದರ ಮೇಲೊಂದು ಇರುಕಿಕೊಂಡಿವೆ ಎಂಬುದನ್ನೂ ಒಪ್ಪುತ್ತೇನೆ.

ಆದರೆ ‘ಮನೆಯಲ್ಲಿ ಕುಳಿತು ಕಲಿತ ಹವ್ಯಾಸ’ ಎಂದಿರಲ್ಲ, ಅದನ್ನು ಹಾಗೆಯೇ ಬಿಡಲಾರೆ. ಮನೆಯಲ್ಲಿ ಅಲ್ಲದೆ ಇನ್ನೆಲ್ಲಿ ಕಲಿಯಬೇಕಿತ್ತು, ಹೇಳಿ. ಲಂಡನ್ನಿನ ರಾಯಲ್ ಅಕಾಡೆಮಿ ಎಂಬ ಕಲಾಸಂಸ್ಥೆಯ ಶಾಲೆಗೆ 1860ರವರೆಗೆ ಹೆಂಗಸರನ್ನು ಸೇರಿಸುತ್ತಲೇ ಇರಲಿಲ್ಲ. ಆ ವರ್ಷ ಲಾರಾ ಹರ್ಫರ್ಡ್ ಎಂಬಾಕೆ ತನ್ನ ಹೆಸರಿನ ಮೊದಲಕ್ಷರವನ್ನಷ್ಟೇ ಬರೆದು ಚಿತ್ರ ಕಳುಹಿಸಿದಳು. ಗಂಡಸಿನದೆಂದು ತಿಳಿದು ಆರಿಸಿಬಿಟ್ಟರು, ಆಮೇಲೆ ಹಿಂದೆ ಸರಿಯಲಾಗಲಿಲ್ಲ. 1768ರಲ್ಲಿ ಅಕಾಡೆಮಿ ಹುಟ್ಟಿದಾಗ ಸ್ಥಾಪಕ ಸದಸ್ಯರಲ್ಲಿ ಇಬ್ಬರು ಹೆಂಗಸರಿದ್ದರು. ಅವರಲ್ಲೊಬ್ಬಳಾದ ಮೇರಿ ಮೋಸರ್ ಹೂಗಳ ಚಿತ್ರಕ್ಕೇ ಹೆಸರಾದವಳು. ಆಮೇಲೆ ಮತ್ತೊಬ್ಬ ಹೆಂಗಸು ಪೂರ್ಣ ಸದಸ್ಯೆಯಾಗಿ ಆಯ್ಕೆಯಾದದ್ದು 1936ರಲ್ಲಿ. ನಡುವೆ, 1879ರಲ್ಲಿ, ಯುದ್ಧದ ಚಿತ್ರಗಳಿಂದ ಇಡೀ ಇಂಗ್ಲೆಂಡನ್ನು ಬೆರಗುಗೊಳಿಸಿದ್ದ ಎಲಿಜಬೆತ್ ಥಾಂಪ್ಸನ್ ಎರಡೇ ಎರಡು ಮತಗಳಿಂದ ಸೋತಳು. ಹೂ ಬರೆದವಳನ್ನು ‘ಹೂ ಬರೆದಳು’ ಎಂದು ಹೊರಗಿಟ್ಟರು; ಯುದ್ಧ ಬರೆದವಳನ್ನು ಯಾವ ಕಾರಣಕ್ಕೆ ಹೊರಗಿಟ್ಟರು?

ಮೇರಿಯಾನ್ ಹುಟ್ಟಿದ್ದು 1830ರಲ್ಲಿ. ಮೊದಲು ಕಲಿತದ್ದು ಹಾಡುಗಾರಿಕೆ, ಕಂಠ ಕೈಕೊಟ್ಟಿತು. 1855ರಲ್ಲಿ ತೀರಿಕೊಂಡ ತಾಯಿ, ಅಪ್ಪನನ್ನು ಎಂದಿಗೂ ಬಿಟ್ಟುಹೋಗಬೇಡ ಎಂದು ಸಾಯುವ ಮುನ್ನ ಮಾತು ತೆಗೆದುಕೊಂಡಿದ್ದಳು. ಮಗಳು ಆ ಮಾತನ್ನು ಉಳಿಸಿಕೊಂಡಳು. ಅಪ್ಪನ ಜೊತೆಗೆ ಊರೂರು ಸುತ್ತಿದಳು, ಜಲವರ್ಣದಲ್ಲಿ ಹೂ ಬರೆದಳು. ಆಸ್ಟ್ರೇಲಿಯಾದಿಂದ ಬಂದಿದ್ದ ರಾಬರ್ಟ್ ಡೌಲಿಂಗ್ ಎಂಬ ಚಿತ್ರಗಾರ ಎಣ್ಣೆಬಣ್ಣದ ರುಚಿ ಹತ್ತಿಸಿದ. ಅದು ಕುಡಿತದಂಥ ಚಟ, ಒಮ್ಮೆ ಹಿಡಿದರೆ ಬಿಡಿಸಿಕೊಳ್ಳುವುದು ಅಸಾಧ್ಯ ಎಂದು ಆಕೆಯೇ ಆತ್ಮಕಥನದಲ್ಲಿ ಬರೆದುಕೊಂಡಿದ್ದಾಳೆ. 1869ರಲ್ಲಿ ಅಪ್ಪ ಹೋದ. ಆಗ ಆಕೆಗೆ 39 ವರ್ಷ. ಮದುವೆಯಾಗಿರಲಿಲ್ಲ, ಆಗುವ ಮನಸ್ಸೂ ಇರಲಿಲ್ಲ. ನಮ್ಮ ಕಡೆ ಆ ವಯಸ್ಸಿನ ಒಂಟಿ ಹೆಂಗಸಿಗೆ ತಮ್ಮನ ಮನೆಯಲ್ಲೊಂದು ಮೂಲೆ, ಅವನ ಮಕ್ಕಳ ಲಾಲನೆ, ಅಷ್ಟೇ ಎಂದು ಬರೆದಿಟ್ಟಿರುತ್ತಿತ್ತು. ಈಕೆ ಹಡಗು ಹತ್ತಿದಳು. 1871ರಿಂದ 1885ರವರೆಗೆ ಅಮೆರಿಕ, ಜಮೈಕಾ, ಬ್ರೆಜಿಲ್, ಜಪಾನ್, ಬೋರ್ನಿಯೊ, ಜಾವಾ, ಸಿಲೋನ್, ಭಾರತ, ಆಸ್ಟ್ರೇಲಿಯಾ, ದಕ್ಷಿಣ ಆಫ್ರಿಕಾ, ಸೇಶೆಲ್ಸ್, ಚಿಲಿ. ಆಸ್ಟ್ರೇಲಿಯಾ ನೋಡದೆ ಲೋಕದ ಸಸ್ಯಗಳನ್ನು ಬರೆದೆ ಎನ್ನಬೇಡ ಎಂದವನು ಚಾರ್ಲ್ಸ್ ಡಾರ್ವಿನ್. ಅದನ್ನು ಅಪ್ಪಣೆ ಎಂದೇ ತಿಳಿದು ಹೋದಳು. ಬಂದು ಚಿತ್ರಗಳನ್ನು ಅವನ ಮನೆಗೇ ಒಯ್ದು ತೋರಿಸಿದಳು. ಮರುವರ್ಷ ಆತ ತೀರಿಕೊಂಡ.

ಜಮೈಕಾದಲ್ಲಿ ಆಕೆಯ ದಿನ ಹೇಗಿತ್ತು ಗೊತ್ತೇ? ಹಳೆಯ ಸಸ್ಯೋದ್ಯಾನದೊಳಗಿನ ಒಂದು ಮನೆಯನ್ನು ಬಾಡಿಗೆಗೆ ಹಿಡಿದು ಒಬ್ಬಳೇ ಇದ್ದಳು. ಬೆಳಕು ಹರಿಯುತ್ತಲೇ ಹೊರಗೆ, ಮಧ್ಯಾಹ್ನದವರೆಗೆ ಗಿಡದ ಮುಂದೆ. ಮಳೆ ಹಿಡಿದ ಮೇಲೆ ಒಳಗೆ ಕುಳಿತು ಮತ್ತೆ ಚಿತ್ರ. ಹೊತ್ತು ಮುಳುಗುವ ಮುನ್ನ ಬೆಟ್ಟದ ಕಡೆಗೆ ನಡಿಗೆ, ನಾಳೆ ಯಾವ ಗಿಡ ಎಂದು ಹುಡುಕುತ್ತ. ಇದನ್ನು ಹವ್ಯಾಸ ಎನ್ನುವುದಾದರೆ, ನಸುಕಿನಲ್ಲೆದ್ದು ತಂಬೂರಿ ಹಿಡಿಯುವ ನಿಮ್ಮ ಊರಿನ ಗಾಯಕರದೂ ಹವ್ಯಾಸವೇ ಆಯಿತು. ಅದಕ್ಕೆ ನೀವು ಸಾಧನೆ ಎನ್ನುತ್ತೀರಿ.

ಇನ್ನು ‘ಕಲ್ಪನೆ’. 1876ರಲ್ಲಿ ಬೋರ್ನಿಯೊ ದ್ವೀಪದ ಸರವಾಕಿನಲ್ಲಿದ್ದಾಗ ಸುಣ್ಣಕಲ್ಲಿನ ಬೆಟ್ಟದಿಂದ ಒಂದು ಹೂಜಿ ಗಿಡವನ್ನು ಯಾರೋ ಆಕೆಗೆ ತಂದುಕೊಟ್ಟರು. ಕೀಟಗಳನ್ನು ಹಿಡಿದು ಜೀರ್ಣಿಸುವ ಗಿಡವದು. ಆ ಹೂಜಿಯ ಮೈಮೇಲೆ ಕೆಂಪು ಮಚ್ಚೆ, ಅಗಲವಾದ ತುಟಿ. ಕಂಡ ಹಾಗೆ ಬರೆದಳು. ಚಿತ್ರ ಲಂಡನ್ ತಲುಪಿತು. ಸಸಿಗಳ ದೊಡ್ಡ ವ್ಯಾಪಾರಿಯಾಗಿದ್ದ ಹ್ಯಾರಿ ವೀಚ್ ಅದನ್ನು ನೋಡಿ, ಇದು ಈವರೆಗೆ ಯಾರೂ ವರ್ಣಿಸದ ಜಾತಿ ಎಂದು ಬೆರಗಾಗಿ ಬೋರ್ನಿಯೊಗೆ ಆಳನ್ನೇ ಕಳುಹಿಸಿದ. ಕ್ಯೂ ಸಸ್ಯೋದ್ಯಾನದ ಮುಖ್ಯಸ್ಥನಾಗಿದ್ದ ಜೋಸೆಫ್ ಹೂಕರ್ ಅದಕ್ಕೆ ‘ನೆಪೆಂಥಿಸ್ ನಾರ್ತಿಯಾನಾ’ ಎಂದು ಹೆಸರಿಟ್ಟ. ಆ ಹಾಳೆಯ ಮೇಲೆ ಆಕೆ ಒಂದಿಷ್ಟು ‘ಕಲ್ಪನೆ’ ಬೆರೆಸಿದ್ದರೆ, ಮಚ್ಚೆ ಕಡಿಮೆ ಮಾಡಿ ತುಟಿ ತಿದ್ದಿದ್ದರೆ, ವೀಚ್‌ಗೆ ಕಾಣುತ್ತಿದ್ದದ್ದು ಒಂದು ಅಲಂಕಾರ ಮಾತ್ರ.

ಸಸ್ಯಶಾಸ್ತ್ರಜ್ಞರು ಬಯಸುವ ರೀತಿಯಲ್ಲಿಯೂ ಆಕೆ ಬರೆಯಲಿಲ್ಲ, ಇದನ್ನು ನೀವು ಗಮನಿಸಿಲ್ಲ. ಅವರಿಗೆ ಬಿಳಿಯ ಹಾಳೆ ಬೇಕು, ಅದರ ಮೇಲೆ ಒಂದು ರೆಂಬೆ, ಪಕ್ಕದಲ್ಲಿ ಸೀಳಿಟ್ಟ ಹೂವಿನ ಭಾಗಗಳು ಬೇಕು. ಆಕೆ ಗಿಡದ ಹಿಂದೆ ಅದು ಬೆಳೆದ ಬೆಟ್ಟವನ್ನು ಬರೆದಳು, ಹೊಳೆಯನ್ನು ಬರೆದಳು, ಮೇಲೆ ಕುಳಿತ ಚಿಟ್ಟೆಯನ್ನೂ ಹಲ್ಲಿಯನ್ನೂ ಬರೆದಳು. ಹೀಗಾಗಿ ಶಾಸ್ತ್ರದವರು ಇದು ಕಲೆ ಎಂದರು, ಕಲೆಯವರು ಇದು ಶಾಸ್ತ್ರ ಎಂದರು. ಅದೇ ಕಾಲದ ಇಂಗ್ಲಿಷ್ ಚಿತ್ರಗಾರ ಮಿಲೇ 1851ರಲ್ಲಿ ಹಾಗ್ಸ್‌ಮಿಲ್ ಎಂಬ ಹೊಳೆಯ ದಂಡೆಯಲ್ಲಿ ತಿಂಗಳುಗಟ್ಟಲೆ ಕುಳಿತು ಒಂದೊಂದು ಎಲೆ, ಒಂದೊಂದು ಕಾಡುಹೂ ನೋಡಿ ನೋಡಿ ಬರೆದ. ಆಮೇಲೆ ರೂಪದರ್ಶಿ ಎಲಿಜಬೆತ್ ಸಿಡಲ್‌ಳನ್ನು ನೀರಿನ ತೊಟ್ಟಿಯಲ್ಲಿ ಮಲಗಿಸಿ, ಶೇಕ್ಸ್‌ಪಿಯರನ ‘ಹ್ಯಾಮ್ಲೆಟ್’ ನಾಟಕದಲ್ಲಿ ನೀರಿಗೆ ಬಿದ್ದು ಸಾಯುವ ಒಫೀಲಿಯಾಳನ್ನು ಆ ಹೊಳೆಯ ನಡುವೆ ತೇಲಿಬಿಟ್ಟ. ಅದು ವಿಕ್ಟೋರಿಯಾ ಯುಗದ ಮಹಾಕೃತಿ, ನಾನೂ ಕೈಮುಗಿಯುತ್ತೇನೆ. ಆದರೆ ಅಲ್ಲಿನ ಹುಲ್ಲೂ ಹೂವೂ ಕಲೆಯಾದದ್ದು ನಡುವೆ ಒಬ್ಬ ಸುಂದರಿ ಸತ್ತು ತೇಲುತ್ತಿರುವುದರಿಂದಲೇ? ಹೆಣವಿಲ್ಲದ ಹೊಳೆ ‘ಕೇವಲ’ ಹೊಳೆಯೇ?

ಆ ಪದಕ್ಕೇ ಬರುತ್ತೇನೆ. ನಮ್ಮ ಜೈನರ ಮಾತಿನಲ್ಲಿ ಕೇವಲಜ್ಞಾನ ಎಂದರೆ ಬೇರೇನೂ ಬೆರೆಯದ, ಯಾವುದೂ ಮರೆಮಾಡದ ಸಂಪೂರ್ಣ ಅರಿವು. ಶ್ರವಣಬೆಳಗೊಳದ ನಾಡಿನಲ್ಲಿ ಅದಕ್ಕಿಂತ ದೊಡ್ಡ ಪದವಿ ಇಲ್ಲ. ಅದೇ ಪದ ನಮ್ಮ ಬಾಯಲ್ಲಿ ಸವೆದು ಸವೆದು ‘ಬರೀ’ ಎಂದಾಗಿಬಿಟ್ಟಿದೆ. ಕನ್ನಡದವರು ಚಿತ್ರವನ್ನು ‘ಬರೆಯುತ್ತೇವೆ’, ಮಾಸ್ತರರೇ. ಕಾವ್ಯಕ್ಕೂ ಚಿತ್ರಕ್ಕೂ ನಮಗೆ ಒಂದೇ ಕ್ರಿಯಾಪದ. ಅದಕ್ಕೆ ಮೇಲುಕೀಳು ಎಲ್ಲಿಂದ ಅಂಟಿಕೊಂಡಿತು?

ಹಲವು ವರ್ಷಗಳ ಹಿಂದೆ, ಜಿಟಿಜಿಟಿ ಮಳೆಯ ಒಂದು ಬೆಳಿಗ್ಗೆ, ಲಂಡನ್ನಿನ ಕ್ಯೂ ಉದ್ಯಾನದಲ್ಲಿರುವ ಆಕೆಯ ಚಿತ್ರಶಾಲೆಯನ್ನು ನೋಡಿದೆ. ಹೊರಗಿನಿಂದ ಇಟ್ಟಿಗೆಯ ಸಾಧಾರಣ ಕಟ್ಟಡ. ಒಳಗೆ ಕಾಲಿಟ್ಟರೆ ಗೋಡೆಯೇ ಕಾಣುವುದಿಲ್ಲ. 800ಕ್ಕೂ ಹೆಚ್ಚು ಚಿತ್ರಗಳು ಅಂಚಿಗೆ ಅಂಚು ತಾಗಿಸಿ, ದೇಶದ ಪಕ್ಕ ದೇಶವಾಗಿ ನಿಂತಿವೆ. ಕೆಳಗೆ ಆಕೆ ಲೋಕದ ಮೂಲೆಮೂಲೆಯಿಂದ ತಂದ 246 ಬಗೆಯ ಮರದ ಹಲಗೆಗಳು. 1879ರಲ್ಲಿ, ಥಾಂಪ್ಸನ್ ಸೋತ ಅದೇ ವರ್ಷ, ಹೂಕರ್‌ಗೆ ಪತ್ರ ಬರೆದು ಚಿತ್ರಗಳನ್ನೂ ಕೊಡುತ್ತೇನೆ, ಕಟ್ಟಡವನ್ನೂ ನನ್ನ ಖರ್ಚಿನಲ್ಲೇ ಕಟ್ಟಿಸಿಕೊಡುತ್ತೇನೆ ಎಂದಳು. ಭಾರತದ ವಾಸ್ತುಶಿಲ್ಪದ ಚರಿತ್ರೆ ಬರೆದ ಜೇಮ್ಸ್ ಫರ್ಗುಸನ್ ನಕ್ಷೆ ಹಾಕಿದ. 1882ರಲ್ಲಿ ಬಾಗಿಲು ತೆರೆಯಿತು. ಉದ್ಯಾನ ಸುತ್ತಿ ದಣಿದು ಬಂದವರಿಗೆ ಇಲ್ಲಿ ಚಹಾ, ಕಾಫಿ ಸಿಗಬೇಕು ಎಂಬುದು ಆಕೆಯ ಆಸೆಯಾಗಿತ್ತು. ಹೂಕರ್ ಬಿಲ್‌ಕುಲ್ ಆಗದು ಎಂದ. ಆಕೆ ವಾದಿಸಲಿಲ್ಲ; ಬಾಗಿಲಿನ ಮೇಲೆ ಚಹಾ ಗಿಡವನ್ನೂ ಕಾಫಿ ಗಿಡವನ್ನೂ ಬರೆದಳು. ಅವು ಇಂದಿಗೂ ಅಲ್ಲಿವೆ. ಅವುಗಳ ಕೆಳಗೆ ನಿಂತಾಗ ನನ್ನ ಕಣ್ಣು ತುಂಬಿತು ಎಂದು ಹೇಳಲು ನನಗೆ ಸಂಕೋಚವಿಲ್ಲ.

ಕನ್ನಡದವರಿಗೂ ಆಕೆಗೂ ಏನು ಸಂಬಂಧ ಎಂದಿರಿ. 1877ರಿಂದ 1879ರವರೆಗೆ ಆಕೆ ಭಾರತದಲ್ಲಿದ್ದಳು, ಇನ್ನೂರಕ್ಕೂ ಹೆಚ್ಚು ಚಿತ್ರ ಬರೆದಳು. ತಂಜಾವೂರಿನಲ್ಲಿ ಆತಿಥ್ಯ ಕೊಟ್ಟವನು ಅಲ್ಲಿ ನ್ಯಾಯಾಧೀಶನಾಗಿದ್ದ ಆರ್ಥರ್ ಬರ್ನೆಲ್. ಹಿಂದೂಗಳು ಪವಿತ್ರವೆಂದು ಪೂಜಿಸುವ ಗಿಡಮರಗಳನ್ನು ಬರೆಯುವ ಹಂಬಲ ಆಕೆಯಲ್ಲಿ ಬೆಳೆದದ್ದು ಅವನ ಒಡನಾಟದಲ್ಲಿ. ಈ ಬರ್ನೆಲ್ ಯಾರು? ಅದಕ್ಕೆ ಮೊದಲು ಮಂಗಳೂರಿನಲ್ಲಿದ್ದು, ತುಳುನಾಡಿನ ಭೂತಗಳ ಪಾಡ್ದನಗಳನ್ನು ಸಂಗ್ರಹಿಸಿದ ಅದೇ ಬರ್ನೆಲ್. ಪಾಡ್ದನ ಕೇಳಿದ ಆ ಕಿವಿಗೂ ಬಿಲ್ವ, ಅಶ್ವತ್ಥ ನೋಡಿದ ಆ ಕಣ್ಣಿಗೂ ಒಂದೇ ಹಸಿವು.

ಇನ್ನೂ ಹತ್ತಿರ ಬನ್ನಿ. 1840ರ ದಶಕದಲ್ಲಿ ಶಿವಮೊಗ್ಗದಲ್ಲಿ ವೈದ್ಯನಾಗಿದ್ದ ಹ್ಯೂ ಕ್ಲೆಗಾರ್ನ್, ದಿನಕ್ಕೊಂದು ಗಿಡದಂತೆ ನಮ್ಮ ಮಲೆನಾಡಿನ ಸಸ್ಯಗಳ ಚಿತ್ರ ಬರೆಸಿದ. ಅವು ಇಂದು ಎಡಿನ್‌ಬರೋದಲ್ಲಿವೆ. ಬರೆಸಿದವನ ಹೆಸರು ಎಲ್ಲರಿಗೂ ಗೊತ್ತು. ಬರೆದವನ ಹೆಸರನ್ನು ಯಾರೂ ಬರೆದಿಡಲಿಲ್ಲ. ಮರಾಠಿ ಮಾತನಾಡುವವನು ಎಂಬಷ್ಟೇ ಗುರುತು. ಲಾಲ್‌ಬಾಗಿನಲ್ಲಿ ಜಾನ್ ಕ್ಯಾಮೆರಾನ್ ಮೇಲ್ವಿಚಾರಕನಾಗಿದ್ದ ಕಾಲದಲ್ಲಿ ಚೆಲುವಯ್ಯ ರಾಜು ಅವರು ಆ ತೋಟದ ಹೂಹಣ್ಣುಗಳನ್ನು ಅದ್ಭುತವಾಗಿ ಬರೆದರು. ಬೆಂಗಳೂರಿನಲ್ಲಿ ಫಲಪುಷ್ಪ ಪ್ರದರ್ಶನಕ್ಕೆ ಸಾಲುಗಟ್ಟುವವರಲ್ಲಿ ಎಷ್ಟು ಮಂದಿ ಆ ಹೆಸರು ಕೇಳಿದ್ದಾರೆ? ಗಿಡದ ಚಿತ್ರ ಕಲೆಯಲ್ಲ ಎಂದು ತೀರ್ಮಾನಿಸಿದ ಕೂಡಲೇ ಬರೆದವನ ಹೆಸರು ಬೇಡವಾಗುತ್ತದೆ. ಈ ‘ಕೇವಲ’ ಮಾಡುವ ಕೆಲಸ ಅದೇ.

ನಾನು ಉಪಸಂಪಾದಕನಾಗಿ ಸೇರಿದ ಮೊದಲ ಪತ್ರಿಕೆಯಲ್ಲಿ ಕತೆಗಳಿಗೆ ಚಿತ್ರ ಬರೆಯುತ್ತಿದ್ದ ಹಿರಿಯರೊಬ್ಬರಿದ್ದರು. ಒಂದು ಕತೆಯ ನಾಯಕಿ ಸುರಗಿ ಹೂ ಮುಡಿಯುತ್ತಾಳೆ. ಅವರು ಸುರಗಿಯನ್ನು ಒಣಗಿದ ಮಾಲೆಯಾಗಿ ಕಂಡಿದ್ದರೇ ಹೊರತು ಮರದ ಮೇಲೆ ಕಂಡಿರಲಿಲ್ಲ. ಸ್ವಂತ ಖರ್ಚಿನಲ್ಲಿ ರಾತ್ರಿ ಬಸ್ ಹಿಡಿದು ಘಟ್ಟದ ಕೆಳಗೆ ಹೋಗಿ, ಎರಡು ದಿನ ತಡವಾಗಿ ಬಂದರು. ಹೂ ಎಲೆಯ ತುದಿಯಲ್ಲಿಲ್ಲ, ರೆಂಬೆಯ ಮೈಗೇ ಅಂಟಿಕೊಂಡು ಗೊಂಚಲಾಗಿ ಬಿಡುತ್ತದೆ, ನಾನು ತಪ್ಪು ಬರೆಯುತ್ತಿದ್ದೆ ಎಂದು ಮಗುವಿನಂತೆ ಸಂಭ್ರಮಪಟ್ಟರು. ತಡಮಾಡಿದ್ದಕ್ಕೆ ಮೇಲಿನವರು ಎಲ್ಲರ ಎದುರು ಬೈದರು: “ಹೂ ಯಾವುದಾದರೇನು, ಕತೆಯನ್ನು ಓದುತ್ತಾರೆಯೇ ಹೊರತು ನಿಮ್ಮ ಚಿತ್ರವನ್ನಲ್ಲ.” ಆ ವಾರದ ಸಂಚಿಕೆಯಲ್ಲಿ ಕತೆಗಾರರ ಹೆಸರು ದಪ್ಪಕ್ಷರದಲ್ಲಿ ಬಂತು, ಚಿತ್ರಗಾರರ ಹೆಸರು ಬರಲೇ ಇಲ್ಲ. ಮೂಲಚಿತ್ರ ರದ್ದಿಗೆ ಹೋಯಿತು. ಕರಾವಳಿಯ ಅಜ್ಜಿಯೊಬ್ಬರು ಮಾತ್ರ ಕಾರ್ಡು ಬರೆದಿದ್ದರು: ‘ಚಿತ್ರ ನೋಡಿ ನನ್ನ ತವರಿನ ಹಿತ್ತಲ ವಾಸನೆ ಬಂತು.’ ಆ ಕಾರ್ಡು ಇಂದಿಗೂ ನನ್ನ ಮೇಜಿನ ಖಾನೆಯಲ್ಲಿದೆ. ಇವತ್ತಿಗೂ ನಮ್ಮ ವಾರಪತ್ರಿಕೆಗಳನ್ನು ತಿರುವಿ ನೋಡಿ. ಕತೆಯ ಪಕ್ಕ ಚಿತ್ರವಿರುತ್ತದೆ, ಬರೆದವರ ಹೆಸರನ್ನು ದುರ್ಬೀನು ಹಿಡಿದು ಹುಡುಕಬೇಕು. ಪಠ್ಯಪುಸ್ತಕಗಳಲ್ಲಿಯೂ ಹೀಗೆಯೇ. ಎರಡು ಗುಡ್ಡ, ನಡುವೆ ಸೂರ್ಯ, ಪಕ್ಕದಲ್ಲೊಂದು ತೆಂಗಿನ ಮರ ಎಂದು ಮಕ್ಕಳಿಗೆ ಕಲಿಸುತ್ತೇವೆ. ಬಯಲುಸೀಮೆಯ ಮಗುವೂ ಅದೇ ಗುಡ್ಡ ಬರೆಯುತ್ತದೆ, ಕಿಟಕಿಯ ಹೊರಗಿನ ಜಾಲಿಯನ್ನು ನೋಡುವುದಿಲ್ಲ. ಇದನ್ನು ಕಲ್ಪನೆ ಎನ್ನುತ್ತೀರಾ?

ಕ್ಯಾಲಿಫೋರ್ನಿಯಾದಲ್ಲಿ ಸಾವಿರಾರು ವರ್ಷದ ಮರಗಳು ಉರುಳುವುದನ್ನು ಕಂಡು ಮೇರಿಯಾನ್ ಮರುಗಿದ್ದಳು. ಈ ಚಿತ್ರಗಳಲ್ಲಿರುವ ಕಾಡು ನಾಳೆ ಇರುವುದಿಲ್ಲ ಎಂದು ಹೂಕರ್ ಕೂಡ ಆ ಚಿತ್ರಶಾಲೆಯ ಕೈಪಿಡಿಯ ಮುನ್ನುಡಿಯಲ್ಲಿ ಎಚ್ಚರಿಸಿದ್ದ. ಚಿಲಿಯಿಂದ ಮರಳಿದ ಮೇಲೆ ಆಕೆಯ ಆರೋಗ್ಯ ಸುಧಾರಿಸಲಿಲ್ಲ. ಆಲ್ಡರ್ಲಿ ಎಂಬ ಹಳ್ಳಿಯಲ್ಲಿ ತೋಟ ಮಾಡಿಕೊಂಡಿದ್ದು 1890ರಲ್ಲಿ ತೀರಿಕೊಂಡಳು.

ಮೂವತ್ತು ವರ್ಷ ಕುಂಚ ಹಿಡಿಸಿದ ಕೈ ನಿಮ್ಮದು. ಅದರ ಮೇಲೆ ನನಗೆ ಗೌರವವಿದೆ. ಯುಗಾದಿಗೆ ಇನ್ನು ಹೆಚ್ಚು ದಿನವಿಲ್ಲ, ನಿಮ್ಮ ಬೇವು ಹೂ ಬಿಡುತ್ತದೆ. ಒಂದು ರೆಂಬೆಯನ್ನು ಎದುರಿಗೆ ಕುಳಿತು, ಕಂಡ ಹಾಗೆಯೇ ಬರೆದು ಕಳುಹಿಸಿ. ಹಿಂದೆ ನಿಮ್ಮ ಅಂಗಳವೂ ಇರಲಿ. ಮುಖಪುಟದಲ್ಲಿ ಅಚ್ಚು ಹಾಕುತ್ತೇನೆ, ಕೆಳಗೆ ನಿಮ್ಮ ಪೂರ್ತಿ ಹೆಸರಿರುತ್ತದೆ.

— ಸಂಪಾದಕ