ಮರ್ಜರ್ ಆದ್ರ ನಮ್ಮ ಹುಡುಗನ ನಂಬರ್ ಎಲ್ಲಿಗೆ ಬೀಳತೈತ್ರಿ?

ಪ್ರಶ್ನೆ: ನಮ್ಮದು ಸಾಂಬ್ರಾ ಬಾಜೂಕ ಇರೋ ಹಳ್ಳಿ ಸರ್. ವಿಮಾನ ಇಳಿಯೋದು ನೋಡಿಕೋಂತ ಬೆಳೆದ ಹುಡುಗನ್ನ ಎರಡು ಎಕರೆ ಹೊಲ ಮಾರಿ ಪೈಲಟ್ ಮಾಡೀವಿ, ಆರು ವರ್ಷದಿಂದ ಫಸ್ಟ್ ಆಫೀಸರ್, ಅಂದ್ರ ಕ್ಯಾಪ್ಟನ್ ಬಾಜೂಕ ಕುಂದ್ರೋ ಎರಡನೇ ಪೈಲಟ್, ಅದಾನ. ಈಗ ಅವನ ಕಂಪನೀನ ಇನ್ನೊಂದರ ಜೋಡಿ ಕೂಡಸ್ತಾರಂತ. ಪಗಾರ ಕಮ್ಮಿ ಮಾಡಂಗಿಲ್ಲ ಅಂತ ಬರದು ಕೊಟ್ಟಾರ, ಆದ್ರೂ ಹುಡುಗ ನಿದ್ದಿ ಮಾಡವಲ್ಲ. "ಅಪ್ಪಾ, ಚಿಂತಿ ಪಗಾರದ್ದಲ್ಲ, ನಂಬರಿಂದು" ಅಂತಾನ. ಏನ್ರಿ ಆ ನಂಬರು? ಬ್ಯಾರೆ ಕಂಪನಿಗೆ ಹೋಗು ಅಂತ ಹೇಳ್ಲೇನು?
– ಹೆಸರು ಬ್ಯಾಡ, ಬೆಳಗಾವಿ ತಾಲೂಕು

ಉತ್ತರ: ಹುಡುಗ ಹೇಳೋದು ಖರೇನ ಐತ್ರಿ. ನಂಬರಂದ್ರ ಕಂಪನಿ ಪೈಲಟ್‌ಗಳ ಸೀನಿಯಾರಿಟಿ ಲಿಸ್ಟಿನಾಗ, ಅಂದ್ರ ಹಿರಿತನದ ಪಟ್ಟ್ಯಾಗ, ಅವನ ಜಾಗಾ. ಪೈಲಟ್ ನೌಕರ್ಯಾಗ ಪಗಾರ ಇವತ್ತ ಕಮ್ಮಿ ಆದ್ರ ನಾಳೆ ಜಾಸ್ತಿ ಆಗತೈತಿ, ಸೀನಿಯಾರಿಟಿ ಲಿಸ್ಟಿನಾಗ ಕೆಳಗ ಬಿದ್ದಾಂವ ಮಾತ್ರ ರಿಟೈರ್ ಆಗೋತನಕ ಕೆಳಗ. ಬಲಗಡೆ ಸೀಟಿನಿಂದ ಎಡಗಡೆ ಕ್ಯಾಪ್ಟನ್ ಸೀಟಿಗೆ ಯಾವಾಗ ಬರ್ತಾನ, ಭುಜದ ಮ್ಯಾಲಿನ ಮೂರು ಪಟ್ಟಿ ನಾಕು ಯಾವಾಗ ಆಗತಾವ, ದೊಡ್ಡ ವಿಮಾನದ ಟ್ರೇನಿಂಗಿಗೆ ಮೊದಲ ಯಾರನ್ನ ಕರೀತಾರ, ಎಲ್ಲಾ ಬಹಳ ಮಟ್ಟಿಗೆ ಆ ನಂಬರ್ ನೋಡಿನ. ಅಮೆರಿಕಾದಾಗಂತೂ ಯಾವ ಊರಿಗೆ ಹಾರೋದು, ದೀಪಾವಳಿ ಇದ್ದಂಗ ಅವರ ಹಬ್ಬಕ್ಕ ರಜಾ ಯಾರಿಗೆ ಅನ್ನೋದೂ ಅದರ ಮ್ಯಾಲೇನ, ಮಂದೀನ ಮನಿಗೆ ಕಳಸೋವಾಗ ಲಿಸ್ಟಿನ ಕೆಳಗಿನಿಂದ ಶುರು.

ಈಗ ಎರಡು ಲಿಸ್ಟ್ ಕೂಡಸ್ಬೇಕು ಅನ್ರಿ. ಒಂದು ಹಳೇ ಕಂಪನಿ, ಅಲ್ಲಿ ಹತ್ತು ವರ್ಷ ಆದಾಂವನೂ ಇನ್ನಾ ಫಸ್ಟ್ ಆಫೀಸರ್. ಇನ್ನೊಂದು ಹೊಸಾದು, ಭರಭರ ಬೆಳದೈತಿ, ಅಲ್ಲಿ ಆರು ವರ್ಷದಾಂವ ಇನ್ನೇನ ಕ್ಯಾಪ್ಟನ್ ಆಗ್ಬೇಕು. ನೌಕರಿಗೆ ಸೇರಿದ ತಾರೀಖು ನೋಡಿ ಕೂಡಿಸಿದ್ರ ಹಳೇ ಕಂಪನಿಯವ್ರೆಲ್ಲಾ ನಿಮ್ಮ ಹುಡುಗನ ಮುಂದ ಬಂದು ನಿಂದರ್ತಾರ. ಹಂಗ ಬ್ಯಾಡ, ಈ ಲಿಸ್ಟಿನ ನಡುವಿನಾಂವ ಆ ಲಿಸ್ಟಿನ ನಡುವಿನಾಂವನ ಬಾಜೂಕ ಅಂತ ಪ್ರಮಾಣ ಹಿಡದು ಕೂಡಿಸಿದ್ರ ಹಳಬರು "ನಾವೇನ ಕತ್ತಿ ಕಾಯ್ದಿದ್ವೇನ ಇಷ್ಟು ವರ್ಷ" ಅಂತ ಎದ್ದು ನಿಂದರ್ತಾರ. ಇಬ್ಬರದೂ ತಪ್ಪಿಲ್ರಿ, ಅದಕ್ಕ ಈ ಜಗಳ ಹರಿಯಂಗಿಲ್ಲ. ಅಮೆರಿಕಾದಾಗ 2005ರಾಗ ಯುಎಸ್ ಏರ್‌ವೇಸ್ ಮತ್ತ ಅಮೆರಿಕಾ ವೆಸ್ಟ್ ಕೂಡಿದ್ವು, 2007ರಾಗ ಪಂಚಾಯ್ತಿಗೆ ಕುಂತ ಜಾರ್ಜ್ ನಿಕೊಲಾವ್ ಅನ್ನಾವ್ರು, ಕೆಲಸ ಇಲ್ದ ಮನ್ಯಾಗ ಕುಂತಿದ್ದ ಯುಎಸ್ ಏರ್‌ವೇಸಿನ ಹಳೇ ಪೈಲಟ್‌ಗಳನ್ನ ಹಾರಾಡೋ ಅಮೆರಿಕಾ ವೆಸ್ಟಿನ ಹೊಸಬರ ಕೆಳಗ ಹಾಕಿದ್ರು, ಹಳೇ ಕಡೆಯವರು ಸಿಟ್ಟಿಗೆದ್ದು ಯೂನಿಯನ್ನನ್ನ ಬದಲ ಮಾಡಿಬಿಟ್ರು, 2013ರಾಗ ಆ ಕಂಪನಿ ಅಮೆರಿಕನ್ ಏರ್‌ಲೈನ್ಸ್ ಜೋಡಿ ಮತ್ತೊಮ್ಮೆ ಕೂಡಿದ್ರೂ ಮೊದಲಿನ ಜಗಳ ಮುಗದಿರಲಿಲ್ಲ.

ನಮ್ಮಲ್ಲೇನ ಕಮ್ಮಿ ಇಲ್ಲ. 2007ರಾಗ ಏರ್ ಇಂಡಿಯಾ, ಇಂಡಿಯನ್ ಏರ್‌ಲೈನ್ಸ್ ಒಂದ ಮಾಡಿದ್ರು, ಕಾಗದದ ಮ್ಯಾಲೆ ಅಷ್ಟ. 2012ರಾಗ ಹೊಸಾ ಡ್ರೀಮ್‌ಲೈನರ್ ವಿಮಾನ ಬರೋದಿತ್ತು, ಅದರ ಟ್ರೇನಿಂಗು ಇಂಡಿಯನ್ ಏರ್‌ಲೈನ್ಸ್ ಕಡೆಯವ್ರಿಗೂ ಕೊಡ್ತೀರಿ ಅಂದ್ರ ನಮ್ಮ ಪ್ರಮೋಷನ್ ಗತಿ ಏನು ಅಂತ ಏರ್ ಇಂಡಿಯಾ ಪೈಲಟ್‌ಗಳು 58 ದಿನ ಸ್ಟ್ರೈಕ್ ಹೂಡಿದ್ರು. ಐದು ವರ್ಷ ಒಂದ ಮನ್ಯಾಗ ಇದ್ರೂ ಒಲಿ ಎರಡ ಇದ್ವು ನೋಡ್ರಿ.

ಬ್ಯಾರೆ ಕಂಪನಿಗೆ ಹೋಗೋದಾ ಬ್ಯಾಡಾ ಅಂತ ಕೇಳೀರಿ. ವಿಮಾನಯಾನ ನೋಡ್ಕೊಳ್ಳೋ ಸರ್ಕಾರಿ ಸಂಸ್ಥೆ ಡಿಜಿಸಿಎದ 2017ರ ನಿಯಮದಾಗ ಫಸ್ಟ್ ಆಫೀಸರ್ ಆರು ತಿಂಗಳ ಮೊದಲ ನೋಟಿಸ್ ಕೊಡಬೇಕು, ಕ್ಯಾಪ್ಟನ್ ಆದ್ರ ಒಂದು ವರ್ಷ. ಹೊಸಾ ಕಂಪನಿಗೆ ಹೋದ್ರ ಅಲ್ಲಿ ಲಿಸ್ಟಿನ ಕಡೀ ನಂಬರ್ ಇವಂದ ಆಗೋ ಸಾಧ್ಯತಾನ ಜಾಸ್ತಿ, ಅಂದ್ರ ಇಲ್ಲಿ ಬೀಳತೇನಿ ಅಂತ ಹೆದರಿ ಅಲ್ಲಿ ತಾನ ಹೋಗಿ ತಳದಾಗ ಕುಂತಂಗ. ನಾ ಆದ್ರ ಲಿಸ್ಟ್ ಬರೋತನಕ ತಡೀತಿದ್ದೆ. ಅಷ್ಟರಾಗ ಸೇರಿದ ತಾರೀಖಿನ ಪತ್ರ, ಟ್ರೇನಿಂಗ್ ಮುಗಿಸಿ ಲೈನಿಗೆ (ಪ್ರಯಾಣಿಕರ ವಿಮಾನಕ್ಕ) ಬಿಟ್ಟ ತಾರೀಖು, ಲಾಗ್‌ಬುಕ್, ಈಗಿನ ಲಿಸ್ಟಿನ ಒಂದು ಪ್ರತಿ, ಇಷ್ಟನ್ನೂ ಒಂದು ಫೈಲ್‌ನಾಗ ಹಾಕಿ ನಿಮ್ಮ ಟ್ರೆಜರ್ಯಾಗ ಇಟ್ಟುಬಿಡ್ರಿ. ಕಂಪನಿ ಕಂಪ್ಯೂಟರ್ ನಂಬಿ ಕುಂದ್ರಬ್ಯಾಡ ಅಂತ ಹೇಳ್ರಿ. 1,500 ತಾಸು ಹಾರಾಟ ತುಂಬಿ, ಕ್ಯಾಪ್ಟನ್ ಆಗಾಕ ಬೇಕಾದ ಎಟಿಪಿಎಲ್ ಲೈಸನ್ಸ್ ತಗೊಂಡಿರದಿದ್ರ ಅದನ್ನ ಮೊದಲ ಮುಗಸ್ಲಿ, ನಂಬರ್ ಬಂದ ದಿನ ಲೈಸನ್ಸ್ ಇಲ್ಲ ಅಂದ್ರ ಆ ನಂಬರ್ ತಗೊಂಡು ಏನ್ಮಾಡ್ತೀರಿ.

ಪ್ರಶ್ನೆ: ನನ್ನ ತಮ್ಮ ಕೆಲಸ ಮಾಡ್ತಿದ್ದ ಏರ್‌ಲೈನ್ ದಿವಾಳಿ ಅರ್ಜಿ ಹಾಕ್ಯದ. ಐದು ತಿಂಗಳ ಪಗಾರ ಬಾಕಿ ಅದ. ಯಾರೋ ದೊಡ್ಡ ಬಿಡ್ ಹಾಕ್ಯಾರ ಅಂತ ಟೀವ್ಯಾಗ ಬಂತು, ಮನ್ಯಾಗ ಎಲ್ಲಾರೂ ಖುಷಿ ಆಗ್ಯಾರ. ರೊಕ್ಕ ಬರ್ತದೇನ್ರಿ?
– ಒಬ್ಬ ಅಕ್ಕ, ವಿಜಯಪುರ

ಉತ್ತರ: ಪೇಡೆ ಈಗ ಹಂಚಬ್ಯಾಡ್ರಿ ಅಕ್ಕಾರ. ಜೆಟ್ ಏರ್‌ವೇಸ್ 2019 ಏಪ್ರಿಲ್‌ನಾಗ ನಿಂತಿತು, 2021ರಾಗ ಅದನ್ನ ತಗೋತೀವಿ ಅಂದ ಜಾಲಾನ್-ಕಾಲ್‌ರಾಕ್ ಅವರ ಪ್ಲಾನನ್ನ ಎನ್‌ಸಿಎಲ್‌ಟಿ (ದಿವಾಳಿ ಕೇಸ್ ನೋಡೋ ನ್ಯಾಯಮಂಡಳಿ) ಒಪ್ಪಿತು, ಮಂದಿ ಯೂನಿಫಾರ್ಮ್ ಇಸ್ತ್ರಿ ಮಾಡಿಸಿ ಕುಂತ್ರು, 2024 ನವೆಂಬರ್‌ನಾಗ ಸುಪ್ರೀಂ ಕೋರ್ಟ್ ಆಸ್ತಿ ಮಾರಿ ಕಂಪನಿ ಮುಚ್ಚಿಬಿಡ್ರಿ ಅಂತು. ಗೋ ಫಸ್ಟ್ 2023 ಮೇದಾಗ ಅರ್ಜಿ ಹಾಕಿತು, ಬಿಡ್ ಹಾಕೋರೂ ಬಂದ್ರು, ಆದ್ರ ವಿಮಾನ ಬಾಡಿಗಿವು. ವಿಮಾನ ಬಾಡಿಗಿಗೆ ಕೊಟ್ಟಾವ್ರು ದಿಲ್ಲಿ ಹೈಕೋರ್ಟಿಗೆ ಹೋಗಿ 2024ರಾಗ 54 ವಿಮಾನ ಬಿಡಿಸಿಕೊಂಡು ಹೋದ್ರು. ವಿಮಾನ ಇಲ್ದ ಏರ್‌ಲೈನ್ ಯಾರು ತಗೋತಾರ? 2025 ಜನವರ್ಯಾಗ ಅದೂ ಲಿಕ್ವಿಡೇಷನ್‌ಗೆ, ಅಂದ್ರ ಆಸ್ತಿ ಮಾರಿ ಮುಚ್ಚೋದಕ್ಕ, ಹೋತು.

ತಮ್ಮ ಬಿಡ್ಡಿನ ದಾರಿ ಕಾಯೋದು ಬಿಟ್ಟು ರೆಸಲ್ಯೂಷನ್ ಪ್ರೊಫೆಷನಲ್ (ದಿವಾಳಿ ಕಂಪನಿ ನಡಸಾಕ ನೇಮಿಸಿದಾಂವ) ಕೊಟ್ಟ ಪ್ರಕಟಣೆ ಹುಡುಕಿ, ಅದರಾಗಿನ ತಾರೀಖಿನೊಳಗ ನೌಕರರು ಬಾಕಿ ಕೇಳೋ ಫಾರ್ಮ್ ಡಿ ತುಂಬಿ ಕಳಸ್ಲಿ. ಪಗಾರ ಸ್ಲಿಪ್, ಬ್ಯಾಂಕ್ ಸ್ಟೇಟ್‌ಮೆಂಟ್, ಆಫರ್ ಲೆಟರ್ ಜೋಡಿ. ಲಿಕ್ವಿಡೇಷನ್ ಆದ್ರ ಮತ್ತ ಬ್ಯಾರೆ ಕ್ಲೇಮ್ ಹಾಕೋದು ಬರ್ತೈತಿ, ಅದನ್ನೂ ಕಣ್ಣಿಟ್ಟು ನೋಡ್ರಿ. ಹಂಚೋವಾಗ ಕಾರ್ಮಿಕರ 24 ತಿಂಗಳ ಬಾಕಿ ಒತ್ತಿ ಇಟ್ಕೊಂಡ ಬ್ಯಾಂಕುಗಳ ಸಮಾನ ನಿಂದರ್ತೈತಿ, ಉಳಿದ ನೌಕರರ 12 ತಿಂಗಳದ್ದು ಅವರ ಕೆಳಗ. ಸಾಲು ಮುಂದನ ಐತಿ ಖರೆ, ಗಡಿಗ್ಯಾಗ ಏನರ ಉಳಿದ್ರಲ್ಲಾ. ಪಿಎಫ್ ಮಾತ್ರ ಆ ಗಡಿಗ್ಯಾಗ ಬರಂಗಿಲ್ಲ, ಅದನ್ನ ಬ್ಯಾರೆನ ಕೇಳ್ರಿ.

ಪ್ರಶ್ನೆ: ನಾ ಬಿ.ಕಾಂ ಹುಡುಗ. ಹರಾಜಿನಾಗ ಜಾಸ್ತಿ ರೊಕ್ಕ ಕೂಗಿದಾಂವಗ ಕಂಪನಿ ಸಿಗ್ಬೇಕಲ್ರಿ, ನಡುವ ಪೈಲಟ್‌ಗಳದೇನು?
– ಬಾಗಲಕೋಟೆ

ಉತ್ತರ: 2009ರಾಗ ಅಮೆರಿಕಾದ ದಿವಾಳಿ ಎದ್ದಿದ್ದ ಫ್ರಂಟಿಯರ್ ಏರ್‌ಲೈನ್ ಹರಾಜಿಗೆ ಬಂತಪ್ಪಾ. ಅಲ್ಲಿನ ಇನ್ನೊಂದು ಏರ್‌ಲೈನ್ ಸೌತ್‌ವೆಸ್ಟ್ 17 ಕೋಟಿ ಡಾಲರ್ ಕೂಗಿತು, ರಿಪಬ್ಲಿಕ್ ಸುಮಾರು 10.9 ಕೋಟಿ. ಆದ್ರ ಸೌತ್‌ವೆಸ್ಟ್ ಒಂದು ಶರತ್ತು ಇಟ್ಟಿತ್ತು, ಎರಡೂ ಕಂಪನಿ ಪೈಲಟ್ ಯೂನಿಯನ್ನು ಸೀನಿಯಾರಿಟಿ ಬಗ್ಗೆ ಮೊದಲ ಒಪ್ಪಂದಕ್ಕ ಬರ್ಬೇಕು ಅಂತ. ಬರಲಿಲ್ಲ. ಕಮ್ಮಿ ಕೂಗಿದ ರಿಪಬ್ಲಿಕ್ ತಗೊಂಡು ಹೋತು.